ಏನಾಗಿತ್ತಂತೆ ಅಂತ ಕೇಳುವ ಮೊದಲು

ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ನಮ್ಮದು ಗೊಬ್ಬರ, ಬೀಜದ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಆರು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗ ಆತ್ಮಹತ್ಯೆ ಮಾಡಿಕೊಂಡ. ಆಗ ಅವನಿಗೆ 38 ವರ್ಷ. ಇಷ್ಟು ದಿನ ಇದರ ಬಗ್ಗೆ ಬರೆಯಲು ಆಗಿರಲಿಲ್ಲ.

ತೀರಿಕೊಳ್ಳುವ ನಾಲ್ಕು ದಿನ ಮೊದಲು ಅಣ್ಣ ಅಂಗಡಿಗೆ ಬಂದಿದ್ದ. ಅವನ ಹೆಸರಲ್ಲಿ 2,300 ರೂಪಾಯಿ ಉದ್ರಿ ಇತ್ತು. ನಾನು ಕೇಳಿರಲಿಲ್ಲ, ಅವನೇ ಎಣಿಸಿ ಕೊಟ್ಟ. "ಇನ್ನ ನಿಂದೇನೂ ಬಾಕಿ ಇಲ್ಲ ನೋಡು ತಮ್ಮ" ಅಂದ. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಸಮಾಧಾನ ಇತ್ತು. ಹತ್ತಿ ದುಡ್ಡು ಬಂದಿರಬೇಕು ಅಂದುಕೊಂಡು ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಖುಷಿಯಿಂದಲೇ ಎಳೆದೆ.

ಬಹಳ ದಿನ ಕುಗ್ಗಿದ್ದ ಮನುಷ್ಯ ಇದ್ದಕ್ಕಿದ್ದಂತೆ ಶಾಂತನಾಗುವುದು, ಸಣ್ಣ ಸಣ್ಣ ಬಾಕಿ ತೀರಿಸುವುದು, ತನ್ನ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, ಇವೆಲ್ಲ ಎಚ್ಚರಿಕೆಯ ಸೂಚನೆಗಳು ಅಂತ ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಒಬ್ಬರಿಗಾದರೂ ಇದು ನೆನಪಿನಲ್ಲಿ ಉಳಿಯಲಿ ಅಂತಲೇ ಮೊದಲು ಬರೆದೆ.

ಮಣ್ಣಿಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು. ಏನಾಗಿತ್ತಂತೆ? ಸಾಲ ಅಂದರು ಒಬ್ಬರು. ಕುಡಿತ ಅಂದರು ಇನ್ನೊಬ್ಬರು. ಅತ್ತಿಗೆ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು, ಅವಳಿಗೆ ಕೇಳುವ ಹಾಗೆಯೇ ಗಂಡ ಹೆಂಡತಿ ಜಗಳವಂತೆ ಅಂದರು. ಅವಳು ಇವತ್ತಿಗೂ ಆ ಮಾತು ಹೊತ್ತುಕೊಂಡು ಬದುಕುತ್ತಿದ್ದಾಳೆ.

ಸರ್ಕಾರದ ಲೆಕ್ಕದಲ್ಲೂ ಹೆಚ್ಚುಕಡಿಮೆ ಹೀಗೇ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ. ಅದರಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4, ಸಾಲ ಶೇ 4.1 ಅಂತ ಪಾಲು ಮಾಡಿದ್ದಾರೆ. ಒಂದು ಜೀವಕ್ಕೆ ಒಂದು ಕಾರಣ. ನಮ್ಮ ಅಣ್ಣನನ್ನು ಇದರಲ್ಲಿ ಯಾವ ಸಾಲಿಗೆ ಸೇರಿಸುವುದು ಅಂತ ಎಷ್ಟೋ ರಾತ್ರಿ ಯೋಚನೆ ಮಾಡಿದ್ದೇನೆ.

ನಡೆದದ್ದು ಹೇಗೆ ಅಂದರೆ, ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರ ಗದ್ದೆ ತುಂಬಿದ ಮೇಲೆ ನಮಗೆ ನೀರು, ಎಷ್ಟೋ ವರ್ಷ ಅದೂ ಇಲ್ಲ. ಅಣ್ಣ ತನ್ನ ಮೂರು ಎಕರೆ ಜೊತೆಗೆ ಇನ್ನೊಬ್ಬರ ಹೊಲ ಲೀಸಿಗೆ ಹಿಡಿದಿದ್ದ. ಒಂದು ವರ್ಷ ನೀರು ಬರಲಿಲ್ಲ, ಮರುವರ್ಷ ಮೆಣಸಿನಕಾಯಿಗೆ ರೋಗ ಬಂತು. ಅಷ್ಟಕ್ಕೇ ಯಾರೂ ಸಾಯುವುದಿಲ್ಲ, ಅದೇ ಕಾಲುವೆಯ ಅದೇ ಸಾಲದ ನೂರಾರು ಜನ ಇವತ್ತೂ ನನ್ನ ಅಂಗಡಿಗೆ ಬರುತ್ತಾರೆ. ಆದರೆ ಅವನಿಗೆ ಬೆನ್ನುನೋವು ಶುರುವಾಯಿತು. ದುಡಿಯಲು ಆಗದು. ನೋವಿಗೆ ನಿದ್ದೆ ಹೋಯಿತು, ನಿದ್ದೆ ಬರಲಿ ಅಂತ ಕುಡಿದ, ಕುಡಿದಿದ್ದಕ್ಕೆ ಮನೆಯಲ್ಲಿ ಜಗಳ, ಜಗಳಕ್ಕೆ ಮತ್ತೆ ಕುಡಿತ. ಸಾಲ ಕೊಟ್ಟವರು ಸಿಗುತ್ತಾರೆ ಅಂತ ಕಟ್ಟೆಗೆ ಬರುವುದು ಬಿಟ್ಟ. ಆ ವರ್ಷ ಊರ ಜಾತ್ರೆಗೂ ಬರಲಿಲ್ಲ. ನಾವೆಲ್ಲ "ಅವನಿಗೆ ಸೊಕ್ಕು" ಅಂದುಕೊಂಡೆವು. ದೇವರಾಣೆ, ನಾನೂ ಹಾಗೇ ಅಂದುಕೊಂಡಿದ್ದೆ.

ಬಡತನ, ನೋವು, ಕುಡಿತ, ಅವಮಾನ, ಒಂಟಿತನ ಒಂದನ್ನೊಂದು ಎಳೆದುಕೊಂಡು ಬಂದವು. ಇದರ ಕೆಳಗೆ ಖಿನ್ನತೆ ಅನ್ನುವ ಕಾಯಿಲೆ ಸೇರಿಕೊಂಡಿತ್ತು. ಅದು ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ಬೆನ್ನಿಗೆ ಮೂರು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು, ಮನಸ್ಸಿಗೆ ಒಬ್ಬರ ಹತ್ತಿರವೂ ಹೋಗಲಿಲ್ಲ.

ಆಮೇಲೆ ಓದಲು ಶುರು ಮಾಡಿದೆ. ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು ಹೇಳಿದ್ದು ನನಗೆ ಬಹಳ ನಾಟಿತು. ಬರೀ ದುಃಖಕ್ಕಿಂತ, ಮುಂದೆ ಯಾವುದೂ ಸರಿಹೋಗುವುದಿಲ್ಲ ಅನ್ನುವ ಹತಾಶೆ ಜಾಸ್ತಿ ಅಪಾಯ. ಥಾಮಸ್ ಜಾಯ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಇನ್ನೆರಡು ಮಾತು ಹೇಳುತ್ತಾರೆ. ಅವರ ಸ್ವಂತ ತಂದೆಯೇ ಆತ್ಮಹತ್ಯೆ ಮಾಡಿಕೊಂಡವರು. ನಾನು ಯಾರಿಗೂ ಸೇರಿದವನಲ್ಲ ಅನ್ನಿಸುವುದು, ನಾನು ಎಲ್ಲರಿಗೂ ಭಾರ ಅನ್ನಿಸುವುದು, ಇವೆರಡೂ ಒಟ್ಟಿಗೆ ಬಂದಾಗ ಸಾಯುವ ಆಸೆ ಹುಟ್ಟುತ್ತದೆ ಅಂತ. ಅದನ್ನು ಓದುವಾಗ ಅಣ್ಣ ಅತ್ತಿಗೆಯ ಹತ್ತಿರ ಆಡುತ್ತಿದ್ದ ಮಾತು ನೆನಪಾಗಿ ಫೋನ್ ಕೆಳಗಿಟ್ಟೆ. "ನಾ ಇಲ್ದಿದ್ರ ನಿಮಗ ಚೊಲೋ ಆಗ್ತದ ಬಿಡು." ಅವಳು ಸಿಟ್ಟಿನ ಮಾತು ಅಂದುಕೊಂಡಿದ್ದಳು. ಅವನು ಅದನ್ನು ನಿಜ ಅಂತಲೇ ನಂಬಿದ್ದ. ಅದು ನಿಜ ಅಲ್ಲ. ಅವನು ಹೋದ ಮೇಲೆ ಆ ಮನೆಯಲ್ಲಿ ಯಾವುದೂ ಚೊಲೋ ಆಗಲಿಲ್ಲ. ಅವನ ಮಗಳು ಇವತ್ತಿಗೂ ಅಪ್ಪನ ಅಂಗಿ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ನಮ್ಮ ಕಡೆ ಆತ್ಮಹತ್ಯೆ ಅಂದರೆ ರೈತರದ್ದು ಅಂತ ಮಾತ್ರ ತಿಳಿಯುತ್ತಾರೆ. 2022ರ ಅದೇ ಲೆಕ್ಕದಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ದಿನಗೂಲಿಯವರು. ಗುಳೆ ಹೋಗಿ ಬೆಂಗಳೂರಿನ ಶೆಡ್ಡಿನಲ್ಲಿ ಇರುವವರನ್ನು ಯಾರು ಕೇಳುತ್ತಾರೆ? ಹೆಣ್ಣುಮಕ್ಕಳ ಸಂಕಟ ಇನ್ನೊಂದು ಥರ. ಗಂಡ ಹೊಡೆಯುತ್ತಾನೆ ಅಂತ ತವರಿಗೆ ಬಂದರೆ "ಹೊಂದಿಕೊಂಡು ಹೋಗವ್ವ" ಅಂತ ಬಸ್ ಹತ್ತಿಸುತ್ತೇವೆ. ವಾರದ ಕಂತು ಕಟ್ಟದಿದ್ದರೆ ಸಂಘದವರೇ ಬಂದು ಬಾಗಿಲ ಮುಂದೆ ಕೂರುತ್ತಾರೆ, ಓಣಿಯೆಲ್ಲ ನೋಡುತ್ತದೆ. ಸಾಲಕ್ಕಿಂತ ಆ ನಾಚಿಕೆ ಜಾಸ್ತಿ ಸುಡುತ್ತದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ ಮಾಡಿತು. ಇದು ಓಣಿಯ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು, ದಯವಿಟ್ಟು ಹೇಳಿ. ಪಿಯುಸಿ ಫಲಿತಾಂಶದ ವಾರ ಮನೆಯಲ್ಲಿ ಮಕ್ಕಳಿದ್ದವರೂ ಸ್ವಲ್ಪ ಎಚ್ಚರ ಇರಿ.

ಹೋದ ವರ್ಷ ನಮ್ಮ ಗಿರಾಕಿಯೊಬ್ಬರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಎರಡು ತಿಂಗಳು ಅಂಗಡಿ ಕಡೆ ಬರಲೇ ಇಲ್ಲ. ಉದ್ರಿ ಇದ್ದವರು ಬರದೇ ಇದ್ದರೆ ಅಂಗಡಿಯವರಿಗೆ ಸಿಟ್ಟು ಬರುತ್ತದೆ. ಈಗ ನನಗೆ ಸಿಟ್ಟು ಬರುವುದಿಲ್ಲ, ಹೆದರಿಕೆ ಆಗುತ್ತದೆ. ಮನೆಗೆ ಹೋದೆ. ಹೊರಸಿನ ಮೇಲೆ ಮಲಗಿದ್ದರು. ಬಾಕಿ ಮಾತು ಎತ್ತಬೇಡಿ ಅಂದೆ, ಚಹಾ ಕುಡಿದೆವು. ಆಮೇಲೆ ಧೈರ್ಯ ಮಾಡಿ ನೇರವಾಗಿ ಕೇಳಿದೆ. "ಕಾಕಾ, ಸಾಯಬೇಕು ಅಂತ ಅನಿಸ್ತದೇನ್ರಿ?"

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಮನಸ್ಸು ಹಗುರಾಗುತ್ತದೆ ಅಂತಲೇ ತಿಳಿದವರು ಹೇಳುತ್ತಾರೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅತ್ತರು. ನಾನು ಬುದ್ಧಿ ಹೇಳಲಿಲ್ಲ, "ಮಕ್ಕಳ ಮುಖ ನೋಡ್ರಿ" ಅನ್ನಲಿಲ್ಲ. ಆ ಮಾತು ಭಾರವನ್ನು ಇನ್ನೂ ಹೆಚ್ಚು ಮಾಡುತ್ತದೆ ಅಂತ ನನ್ನ ಅನಿಸಿಕೆ. ಸುಮ್ನೆ ಕೂತೆ.

ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಡಲಿಲ್ಲ. ಕಾಕುಗೆ ಹೇಳಿ ಹೊಲದ ಔಷಧವನ್ನೆಲ್ಲ ಮನೆಯಿಂದ ಹೊರಗೆ ಸಾಗಿಸಿದೆ, ನಮ್ಮ ಗೋದಾಮಿನಲ್ಲಿಟ್ಟು ಬೀಗ ಹಾಕಿದೆ. ಇದನ್ನು ಮಾರುವ ನಾನೇ ಹೇಳುತ್ತಿದ್ದೇನೆ, ದಯವಿಟ್ಟು ಅದನ್ನು ಮನೆಯಲ್ಲಿ ಇಡಬೇಡಿ. ಶ್ರೀಲಂಕಾದಲ್ಲಿ ತೀರಾ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರ ನಂತರ ಅಲ್ಲಿ ಆತ್ಮಹತ್ಯೆ ಪ್ರಮಾಣ ಶೇ 70ಕ್ಕಿಂತ ಜಾಸ್ತಿ ಇಳಿಯಿತು. ಆ ಕೆಟ್ಟ ಗಳಿಗೆ ಬಹಳ ಸಲ ಚಿಕ್ಕದಿರುತ್ತದೆ, ಅದು ದಾಟಿದ ಮೇಲೆ ಬದುಕುವವರೇ ಹೆಚ್ಚು.

ಅವತ್ತೇ 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಮರುದಿನ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಕರೆದುಕೊಂಡು ಹೋದೆ. "ನನಗೇನು ಹುಚ್ಚೇನಪಾ?" ಅಂತ ಬಸ್ಸಿನಲ್ಲಿ ಎರಡು ಸಲ ಕೇಳಿದರು. ಆಗ ಅವರಿಗೆ ಬಳ್ಳಾರಿಯ ಕಥೆ ಹೇಳಿದೆ. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು, ಹಳ್ಳಿ ಆಸ್ಪತ್ರೆಯ ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸಿ ಔಷಧ ಕೊಡುವುದನ್ನು ಕಲಿಸಿದರು. ಅದು ನಡೆಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಮ್ಮ ಪಕ್ಕದ ಜಿಲ್ಲೆ ದೇಶಕ್ಕೆ ದಾರಿ ತೋರಿಸಿದೆ, ನಾವು ಆಸ್ಪತ್ರೆಗೆ ಹೋಗಲು ನಾಚುವುದು ಯಾಕೆ?

ಇನ್ನೊಂದು ಹೆದರಿಕೆ ಪೊಲೀಸರದ್ದು. ಒಮ್ಮೆ ಪ್ರಯತ್ನಿಸಿ ಬದುಕಿದವರನ್ನು "ಆಕಸ್ಮಿಕ" ಅಂತ ಹೇಳಿ ಮುಚ್ಚಿಡುತ್ತಾರೆ, ಹಾಗಾಗಿ ಮನಸ್ಸಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಹಿಂದೆ ಪ್ರಯತ್ನ ಮಾಡಿದವರಿಗೇ ಮತ್ತೆ ಅಪಾಯ ಜಾಸ್ತಿ, ಅವರನ್ನೇ ಹೀಗೆ ಬಿಟ್ಟುಬಿಡುತ್ತೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು, ಸರ್ಕಾರವೇ ಆರೈಕೆ ಮಾಡಬೇಕು ಅನ್ನುತ್ತದೆ. ಡಾಕ್ಟರ್ ಹತ್ತಿರ ನಿಜ ಹೇಳಿ.

ಕಾಕಾ ಮಾತ್ರೆ ಶುರು ಮಾಡಿದ ಮೊದಲ ಎರಡು ವಾರ ಏನೂ ಫರಕ್ ಕಾಣಲಿಲ್ಲ. ಬಿಡುತ್ತೇನೆ ಅಂದರು, ಬಿಡಬೇಡಿ ಅಂತ ಡಾಕ್ಟರ್ ಹೇಳಿದ್ದರು, ಕಾಕು ಬಿಡಗೊಡಲಿಲ್ಲ. ಮೂರನೇ ವಾರ ನಿದ್ದೆ ಬಂತು. ಅವರ ಸಾಲ ತೀರಿಲ್ಲ, ಕಾಲುವೆಯ ಕೊನೆಗೆ ನೀರು ಈ ವರ್ಷವೂ ಸರಿಯಾಗಿ ಬಂದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಎರಡು ಚಹಾ ತರಿಸುತ್ತೇನೆ. ಅವರ ಉದ್ರಿ ಪುಸ್ತಕದಲ್ಲಿ ಹಾಗೇ ಇದೆ, ನಾನು ಕೇಳಿಲ್ಲ.