ರಬ್ಬರ್ ಮೀನುಗಳ ಸಿನಿಮಾ

ಮನುಷ್ಯರನ್ನು ತಿನ್ನುವ ಪ್ರಾಣಿಗಳ ಸಿನಿಮಾಗಳಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುವುದು, ಚೂಪು ಹಲ್ಲಿನ ಪಿರಾನ್ಹಾ ಮೀನುಗಳು ದಾಳಿಯಿಡುವ 1978ರ ‘ಪಿರಾನ್ಹಾ’. ಇಂಥ ಚಿತ್ರಗಳು ಇಷ್ಟವೆಂದರೆ, ಗೇಲಿ ಮಾಡುವುದಕ್ಕೆಂದೇ ನಾನು ಅವುಗಳನ್ನು ನೋಡುತ್ತೇನೆಂದು ಹಲವರು ಭಾವಿಸುತ್ತಾರೆ. ನಗು ಬರುವುದು ನಿಜವೇ. ಆದರೆ ಈ ಚಿತ್ರದ ಮಟ್ಟಿಗೆ ಆ ನಗುವನ್ನೂ ಮಾಡಿದವರೇ ಅಳೆದು ತೂಗಿ ಇಟ್ಟಿದ್ದಾರೆ.

1975ರಲ್ಲಿ ಶಾರ್ಕ್ ದಾಳಿಯ ‘ಜಾಸ್’ ಗೆದ್ದ ಮೇಲೆ ಅಮೆರಿಕದ ತೆರೆಯ ಮೇಲೆ ಕರಡಿ, ಆಕ್ಟೋಪಸ್ ಎಲ್ಲವೂ ಮನುಷ್ಯರ ಬೆನ್ನು ಹತ್ತಿದವು. ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಅವರ ಕಂಪನಿ ಇದೇ ಅಲೆಯಲ್ಲಿ, ಹತ್ತು ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ ಈ ಚಿತ್ರವನ್ನು ಮುಗಿಸಿತು. ನಕಲು ಎಂಬ ಆರೋಪ ಬರುವ ಮೊದಲೇ ನಿರ್ದೇಶಕ ಜೋ ಡಾಂಟೆ ಅದನ್ನು ಒಪ್ಪಿಕೊಂಡುಬಿಡುತ್ತಾರೆ: ನಾಯಕಿ ಮ್ಯಾಗಿ ನಮಗೆ ಮೊದಲು ಕಾಣಿಸಿಕೊಳ್ಳುವುದೇ ಶಾರ್ಕ್ ಬೇಟೆಯ ವಿಡಿಯೊ ಗೇಮ್ ಆಡುತ್ತ. ‘ಜಾಸ್’ ನಿರ್ದೇಶಿಸಿದ್ದ ಸ್ಪೀಲ್‌ಬರ್ಗ್‌ಗೂ ಈ ಚಿತ್ರ ಮೆಚ್ಚುಗೆಯಾಯಿತು. ಮುಂದೆ ಅವರು ನಿರ್ಮಾಪಕರಾಗಿದ್ದ ‘ಗ್ರೆಮ್ಲಿನ್ಸ್’ ಚಿತ್ರವನ್ನು 1984ರಲ್ಲಿ ಡಾಂಟೆಯೇ ನಿರ್ದೇಶಿಸಿದರು.

ಇಲ್ಲಿಯ ಮೀನುಗಳು ಕೋಲಿಗೆ ಸಿಕ್ಕಿಸಿ ನೀರೊಳಗೆ ಆಡಿಸಿದ ರಬ್ಬರ್ ಬೊಂಬೆಗಳು. ಕ್ಯಾಮೆರಾದ ಮುಂದೆ ತುಸು ಹೆಚ್ಚು ಹೊತ್ತು ನಿಂತರೂ ಅವುಗಳ ಬಣ್ಣ ಬಯಲಾಗುತ್ತದೆ. ಹಾಗಾಗಿ ಡಾಂಟೆ ಮತ್ತು ಮಾರ್ಕ್ ಗೋಲ್ಡ್‌ಬ್ಲಾಟ್ ಸಂಕಲನದಲ್ಲಿ ಪ್ರತಿಯೊಂದು ದಾಳಿಯನ್ನೂ ಚೂರುಚೂರು ಮಾಡಿದ್ದಾರೆ: ಒದ್ದಾಡುವ ಕಾಲು, ಮಿಂಚಿ ಮಾಯವಾಗುವ ಹಲ್ಲು, ಕೆಂಪಾಗುವ ನೀರು, ಇವೆಲ್ಲದರ ಮೇಲೆ ಹಲ್ಲು ಕೊರೆಯುವ ಯಂತ್ರವನ್ನು ನೆನಪಿಸುವ, ಕಿವಿಗೆ ಹಿಂಸೆಯಾಗುವ ಒಂದು ಗುಂಯ್‌ಗುಡುವಿಕೆ. ಮೀನನ್ನು ನಾವು ಸರಿಯಾಗಿ ನೋಡುವುದೇ ಇಲ್ಲ, ಆದರೂ ಹಿಂಡುಗಟ್ಟಲೆ ಮೀನು ನೋಡಿದೆವೆಂದು ನಂಬುತ್ತೇವೆ. ಇನ್ನಷ್ಟು ಹಣವಿದ್ದಿದ್ದರೆ ಮೀನುಗಳನ್ನು ಪೂರ್ತಿಯಾಗಿ ತೋರಿಸುವ ಆಸೆ ಬಂದು, ದೃಶ್ಯಗಳ ಬಿಗಿ ಸಡಿಲುತ್ತಿತ್ತೆಂದೇ ನನ್ನ ಗುಮಾನಿ.

ಜಾನ್ ಸೇಲ್ಸ್ ಅವರ ಚಿತ್ರಕಥೆಯಂತೂ ಇಂಥ ಚಿತ್ರಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಬುದ್ಧಿವಂತಿಕೆಯದು. ವಿಯೆಟ್ನಾಂ ಯುದ್ಧದಲ್ಲಿ ಶತ್ರುವಿನ ನದಿಗಳಿಗೆ ಬಿಡಲೆಂದು, ತಣ್ಣೀರನ್ನೂ ತಾಳಿಕೊಳ್ಳುವಂತೆ ಸೇನೆ ಈ ಮೀನುಗಳನ್ನು ಸಾಕಿಸಿರುತ್ತದೆ. ಯುದ್ಧ ಮುಗಿದರೂ ವಿಜ್ಞಾನಿ ಅವುಗಳನ್ನು ಕೊಳವೊಂದರಲ್ಲಿ ಸಾಕುವುದನ್ನು ನಿಲ್ಲಿಸಿರುವುದಿಲ್ಲ. ಕಾಣೆಯಾದವರನ್ನು ಹುಡುಕುತ್ತ ಬಂದ ಮ್ಯಾಗಿ ಮತ್ತು ಅಲ್ಲಿಯೇ ಒಂಟಿಯಾಗಿ ಕುಡಿಯುತ್ತ ಬದುಕುತ್ತಿದ್ದ ಪಾಲ್, ಏನಿದೆಯೆಂದು ತಿಳಿಯದೆ ಕೊಳವನ್ನು ಖಾಲಿ ಮಾಡಿದಾಗ ಮೀನುಗಳೆಲ್ಲ ನದಿ ಸೇರುತ್ತವೆ. ಅನಾಹುತಕ್ಕೆ ಕಾರಣರಾದವರು ನಾಯಕ-ನಾಯಕಿಯರೇ ಎಂಬುದು ನನಗೆ ಬಹಳ ಹಿಡಿಸಿದ ಅಂಶ. ಎಚ್ಚರಿಕೆಯನ್ನು ಅದುಮುವ ಕರ್ನಲ್‌ಗೆ ನದಿಯ ಕೆಳಭಾಗದಲ್ಲಿ ಆರಂಭವಾಗುತ್ತಿರುವ ರೆಸಾರ್ಟಿನಲ್ಲಿ ಗುಟ್ಟಾದ ಪಾಲುದಾರಿಕೆ ಬೇರೆ.

ಆದರೆ ಮಕ್ಕಳ ಬೇಸಿಗೆ ಶಿಬಿರದ ದೃಶ್ಯದಲ್ಲಿ ತಮಾಷೆ ನಿಲ್ಲುತ್ತದೆ. ಮಕ್ಕಳಿಗೆ ಏನೂ ಆಗುವುದಿಲ್ಲವೆಂಬ ನಮ್ಮ ನೆಮ್ಮದಿಯನ್ನು ಚಿತ್ರ ಲೆಕ್ಕಿಸುವುದಿಲ್ಲ. ಅಷ್ಟರವರೆಗೆ ಎಲ್ಲರಿಗೂ ಅಕ್ಕನಂತಿದ್ದ ಶಿಬಿರದ ಮೇಲ್ವಿಚಾರಕಿ ಬೆಟ್ಸಿಯೂ ಉಳಿಯುವುದಿಲ್ಲ. ಶಿಬಿರಕ್ಕೆ ಬಂದಿದ್ದ ಪಾಲ್‌ನ ಮಗಳು, ನೀರೆಂದರೆ ನಡುಗುತ್ತಿದ್ದವಳೇ, ತೆಪ್ಪ ಹತ್ತಿ ಸಹಾಯಕ್ಕೆ ಹೋಗುತ್ತಾಳೆ. ರಬ್ಬರ್ ಮೀನೆಂದು ಗೊತ್ತಿದ್ದೂ ನಾನು ಸೋಫಾದ ಮೇಲೆ ಕಾಲು ಮಡಚಿಕೊಳ್ಳುವುದು ಇಲ್ಲಿಯೇ.

ಕೊರತೆಗಳಿಲ್ಲವೆಂದಲ್ಲ. ಪಾಲ್ ಮತ್ತು ಮ್ಯಾಗಿಯರ ಮಾತುಕತೆ ಕೆಲವೆಡೆ ಎಳೆದಂತಿದೆ. ಪ್ರಯೋಗಾಲಯದಲ್ಲಿ ಅನಿಮೇಷನ್ ಕಲಾವಿದ ಫಿಲ್ ಟಿಪ್ಪೆಟ್ ರೂಪಿಸಿದ, ಎರಡು ಕಾಲಿನ ಮೇಲೆ ಓಡಾಡುವ ಪುಟ್ಟ ಜೀವಿಯೊಂದು ಇಣುಕಿ ಹೋಗುತ್ತದೆ; ಅದು ಏನಾಯಿತೆಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಕತೆಗೆ ಅದರ ಅಗತ್ಯವೇ ಇರಲಿಲ್ಲ, ಆದರೆ ಅದನ್ನು ಕತ್ತರಿಸಿದ್ದರೆ ನಾನಂತೂ ಕ್ಷಮಿಸುತ್ತಿರಲಿಲ್ಲ. 2010ರಲ್ಲಿ ತ್ರೀಡಿಯಲ್ಲಿ ಬಂದ ಹೊಸ ರೂಪದಲ್ಲಿ ಮೀನುಗಳು ಕಣ್ತುಂಬ ಕಾಣುತ್ತವೆ, ರಕ್ತಕ್ಕೂ ಬರವಿಲ್ಲ. ಅದನ್ನು ಒಮ್ಮೆ ನೋಡಿದ್ದೇ ನನಗೆ ಸಾಕಾಯಿತು.