ಸುಲಭ ಅಂದಮೇಲೆ ದುಡ್ಡು ಯಾಕೆ?

ಮೈಸೂರಿನ ರಸ್ತೆಯಲ್ಲಿ ಒಂದು ಚಕ್ರದ ಸೈಕಲ್ ಮೇಲೆ ಹೋಗುವವನಿಗೆ ಎದುರಾಗುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಬೇಕಿಲ್ಲ. "ಸಾರ್, ಇನ್ನೊಂದು ಚಕ್ರ ಎಲ್ಲಿ ಬಿದ್ದೋಯ್ತು?" ಎಂದು ಕೇಳಿದ ಸ್ಕೂಟರಿನವರು ನಾನು ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ದಾಟಿರುತ್ತಾರೆ. ಆಟೋದವರದು ಒಂದೇ ಮಾತು, "ಸರ್ಕಸ್ಸಾ?" ನಮ್ಮ ಬೀದಿಯ ನಿವೃತ್ತ ಸಂಸ್ಕೃತ ಮೇಷ್ಟ್ರು ಒಮ್ಮೆ ನನ್ನನ್ನು ನಿಲ್ಲಿಸಿ, ಒಂದೇ ಚಕ್ರದಿಂದ ರಥ ಸಾಗದು ಅಂತ ಸುಭಾಷಿತವಿದೆ ಗೊತ್ತೇನಯ್ಯ ಅಂದರು. ಸೂರ್ಯನ ರಥಕ್ಕೆ ಒಂದೇ ಚಕ್ರ ಅಲ್ವಾ ಮೇಷ್ಟ್ರೇ ಅಂದೆ. "ಅದಕ್ಕೆ ಏಳು ಕುದುರೆ ಇದೆ. ನಿನಗೇನಿದೆ?" ಅಂದುಬಿಟ್ಟರು.

ನಿಜವಾಗಿ ತಲೆ ಕೆಡಿಸಿದ ಪ್ರಶ್ನೆ ಬಂದದ್ದು ಮೂಲೆಯ ಹಾರ್ಡ್‌ವೇರ್ ಅಂಗಡಿ ಯಜಮಾನರಿಂದ. ನಾವು ನಾಲ್ಕೈದು ಜನ ಸೇರಿ ಒಂದು ಭಾನುವಾರ ಬಡಾವಣೆಯ ಮೈದಾನದಲ್ಲಿ ಒಂದು ಚಕ್ರದ ಸೈಕಲ್‌ಗಳ ಪ್ರದರ್ಶನ ಇಟ್ಟಿದ್ದೆವು. "ಯಾರು ಬೇಕಾದರೂ ಕಲಿಯಬಹುದು" ಎಂಬ ಬಟ್ಟೆಯ ಬ್ಯಾನರ್. ಮುಂದಿನ ವಾರ ಗುಂಡ್ಲುಪೇಟೆಯವರೆಗೆ 60 ಕಿಲೋಮೀಟರ್ ಸವಾರಿ, ಅದಕ್ಕೆ ಚಂದಾ. ಬಂದ ದುಡ್ಡು ಸರ್ಕಾರಿ ಶಾಲೆ ಮಕ್ಕಳ ಕೆಟ್ಟುನಿಂತ ಸೈಕಲ್ ರಿಪೇರಿಗೆ. ಚೀಟಿ ಹಿಡಿದು ಅಂಗಡಿಗೆ ಹೋದಾಗ ಯಜಮಾನರು ಕನ್ನಡಕ ಮೇಲೆ ಮಾಡಿ ಓದಿ, "ಯಾರು ಬೇಕಾದ್ರೂ ಕಲೀಬೋದು ಅಂತ ಬೋರ್ಡ್ ಹಾಕ್ತೀಯ. ಕಷ್ಟಪಟ್ಟು ಅಷ್ಟು ದೂರ ಹೋಗ್ತೀನಿ, ದುಡ್ಡು ಕೊಡಿ ಅಂತ್ಲೂ ಕೇಳ್ತೀಯ. ಎರಡರಲ್ಲಿ ಯಾವುದು ನಿಜ ಕಣಪ್ಪ?" ಅಂದರು.

ಆಮೇಲೆ ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಎಲ್ಲರೂ ಕೇಳಿದ್ದಾರೆ. ಅತ್ತಿಗೆ ಕೇಳಿದರು, ಆಫೀಸಿನಲ್ಲಿ ಕೇಳಿದರು. ಅವತ್ತು ಯಜಮಾನರಿಗೆ "ಎರಡೂ ನಿಜ" ಎಂದು ಹಲ್ಲು ಗಿಂಜಿ ನೂರು ರೂಪಾಯಿ ಇಸಕೊಂಡು ಬಂದಿದ್ದೆ. ಅದು ಉತ್ತರವಲ್ಲ, ತಪ್ಪಿಸಿಕೊಂಡದ್ದು.

ಮೊದಲು ಸುಲಭದ ಮಾತು. ಮೈಸೂರಿನವರಿಗೆ ಎಕ್ಸಿಬಿಷನ್ ಅಂದರೆ ದಸರಾ ಎಕ್ಸಿಬಿಷನ್: ಡೆಲ್ಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿ, ಜಾಯಿಂಟ್ ವೀಲ್. ನೋಡುವುದು, ತಿನ್ನುವುದು, ಬರುವುದು. ನಮ್ಮ ಮೊದಲ ಪ್ರದರ್ಶನವನ್ನೂ ನಾವು ಹಾಗೇ ಮಾಡಿದೆವು. ಒಬ್ಬ ಮೆಟ್ಟಿಲು ಕುಪ್ಪಳಿಸಿ ಇಳಿದ, ಇನ್ನೊಬ್ಬ ಎರಡು ಮೀಟರ್ ಎತ್ತರದ ಜಿರಾಫೆ ಸೈಕಲ್ ಹತ್ತಿ ಮೂರು ಚೆಂಡು ಆಡಿಸಿದ. ಜನ ಚಪ್ಪಾಳೆ ತಟ್ಟಿದರು, ವಿಡಿಯೋ ಮಾಡಿಕೊಂಡರು, ಮನೆಗೆ ಹೋದರು. ಕಲಿಯುತ್ತೇನೆ ಅಂತ ಒಬ್ಬರೂ ಬರಲಿಲ್ಲ. ಬ್ಯಾನರ್ ಒಂದು ಹೇಳುತ್ತಿತ್ತು, ನಾವು ಇನ್ನೊಂದನ್ನು ತೋರಿಸುತ್ತಿದ್ದೆವು. ಆಟ ಚೆನ್ನಾಗಿದ್ದಷ್ಟೂ "ಇದು ನಮ್ಮಂಥವರಿಗಲ್ಲ" ಅನ್ನುವುದು ಗಟ್ಟಿಯಾಗುತ್ತದೆ. ಸರ್ಕಸ್ಸಿನ ಮೇಲೆ ನನಗೆ ಸಿಟ್ಟಿಲ್ಲ. ನ್ಯೂಯಾರ್ಕಿನಲ್ಲಿ 2010ರಲ್ಲಿ ಶುರುವಾದ ಒಂಟಿಚಕ್ರ ಹಬ್ಬವನ್ನು ಕಟ್ಟಿದ್ದೇ ಒಂದು ಸರ್ಕಸ್ ತಂಡ. ಅಲ್ಲಿ ಆಟವೂ ಉಂಟು, ಹೊಸಬರಿಗೆ ಕಲಿಸುವ ಮೂಲೆಯೂ ಉಂಟು, ಬ್ರೂಕ್ಲಿನ್ ಸೇತುವೆ ದಾಟಿ ಕೋನಿ ಐಲ್ಯಾಂಡಿನವರೆಗೆ ಗುಂಪಿನ ಸವಾರಿಯೂ ಉಂಟು. ನಾವು ಆಟವನ್ನಷ್ಟೇ ಎತ್ತಿಕೊಂಡಿದ್ದೆವು.

ಎರಡನೇ ಸಲ ಆಟವನ್ನು ಹದಿನೈದು ನಿಮಿಷಕ್ಕೆ ಇಳಿಸಿದೆವು. ಶಾಮಿಯಾನದವರ ಹತ್ತಿರ ಕೇಳಿ ಉದ್ದನೆಯ ಗಳಗಳನ್ನು ತಂದು, ಹೊಸಬರು ಹಿಡಿದುಕೊಂಡು ಹತ್ತಲು ಸೊಂಟದೆತ್ತರಕ್ಕೆ ಹನ್ನೆರಡು ಅಡಿ ಉದ್ದದ ಕಟಕಟೆ ಕಟ್ಟಿಸಿದೆವು. ನನ್ನ ಲೆಕ್ಕದಲ್ಲಿ ಇಡೀ ಪ್ರದರ್ಶನದಲ್ಲಿ ಬೆಲೆಬಾಳುವ ವಸ್ತು ಆ ಕಟಕಟೆ. ಜಪಾನಿನಲ್ಲಿ ಎಷ್ಟೋ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಒಂದು ಚಕ್ರದ ಸೈಕಲ್ ಸಾಲಾಗಿ ನಿಂತಿರುತ್ತವೆ, ಮಕ್ಕಳು ಬಿಡುವಿನ ವೇಳೆ ಕಂಬಿ ಹಿಡಿದುಕೊಂಡು ತಾವೇ ಕಲಿಯುತ್ತಾರೆ. ಅವರೆಲ್ಲ ಸರ್ಕಸ್ ಸೇರುವವರಲ್ಲ, ಎಂಟೊಂಬತ್ತು ವರ್ಷದ ಸಾಮಾನ್ಯ ಮಕ್ಕಳು.

ಕಲಿಯುವ ಗುಟ್ಟೂ ಅಂಥ ದೊಡ್ಡದಲ್ಲ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಯಾರು ಆಡಿಲ್ಲ? ಕೋಲು ಎತ್ತ ವಾಲಿದರೆ ಅತ್ತ ಕೈ ಓಡಬೇಕು. ಇಲ್ಲಿ ಕೋಲು ನೀವು, ಕೈ ಎಂದರೆ ಚಕ್ರ. ಮುಂದಕ್ಕೆ ವಾಲಿದರೆ ಪೆಡಲ್ ತುಳಿದು ಚಕ್ರವನ್ನು ಮೈ ಕೆಳಗೆ ತಂದುಕೊಳ್ಳುವುದು, ಹಿಂದಕ್ಕೆ ವಾಲಿದರೆ ಪೆಡಲನ್ನು ತಡೆಯುವುದು. ಪಕ್ಕಕ್ಕೆ ವಾಲಿದರೆ ಆ ಕಡೆಗೇ ತಿರುಗುವುದು, ಮಾಮೂಲಿ ಸೈಕಲ್ಲಿನಲ್ಲಿ ಎಲ್ಲರೂ ಅರಿವಿಲ್ಲದೆ ಮಾಡುವುದು ಅದೇ. ಹೊಸಬರು ಮಾಡುವ ತಪ್ಪು ಎರಡೇ. ಭಾರವನ್ನೆಲ್ಲ ಪೆಡಲ್ ಮೇಲೆ ಹಾಕಿ ನಿಂತುಬಿಡುತ್ತಾರೆ, ಸೀಟಿನ ಮೇಲೆ ಕೂರುವುದಿಲ್ಲ. ಮತ್ತೆ ಕಣ್ಣು ಚಕ್ರದ ಮೇಲೆ. ದೂರದ ಮರ ನೋಡಿ ಅಂದರೆ ನೋಡುತ್ತಾರೆ, ಅರೆಕ್ಷಣದಲ್ಲಿ ಕಣ್ಣು ಮತ್ತೆ ಕೆಳಗೆ. 20 ಅಂಗುಲದ ಚಕ್ರದಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಮೂರ್ನಾಲ್ಕು ವಾರ ಬಿಡದೆ ಹತ್ತಿದರೆ ಹೆಚ್ಚಿನವರು ಕಟಕಟೆ ಬಿಟ್ಟು ಹತ್ತಿಪ್ಪತ್ತು ಮೀಟರ್ ಹೋಗುತ್ತಾರೆ. ಬೀಳುವುದೂ ಹೆದರಿದಷ್ಟಿಲ್ಲ. ಮುಂದೆ ಹ್ಯಾಂಡಲ್ ಅಡ್ಡ ಇಲ್ಲದ ಕಾರಣ ಸಾಮಾನ್ಯವಾಗಿ ಕಾಲ ಮೇಲೆ ಇಳಿಯುತ್ತೀರಿ, ಪೆಟ್ಟು ತಿನ್ನುವುದು ಸೈಕಲ್ಲು. ಹೆಲ್ಮೆಟ್ಟು, ಕೈಗೆ ಗ್ಲೌಸು ಮಾತ್ರ ಕಡ್ಡಾಯ. ಅದರಲ್ಲಿ ನನಗೆ ರಿಯಾಯಿತಿಯ ಮಾತಿಲ್ಲ.

ಸುಲಭ ಅಂದದ್ದು ಇಷ್ಟು. ಅಡುಗೆ ಕಲಿತಷ್ಟು ಸುಲಭ. ಮೊದಲ ದಿನ ಉರುಟು ಚಪಾತಿ ಬರುವುದಿಲ್ಲ ಅಂತ ಯಾರೂ ಒಲೆ ಆರಿಸಿ ಕೂರುವುದಿಲ್ಲವಲ್ಲ.

ಇನ್ನು ಕಷ್ಟದ ಮಾತು. ಇಲ್ಲೇ ಜನ, ಯಜಮಾನರೂ ಸೇರಿ, ಒಂದನ್ನು ಇನ್ನೊಂದರ ಜತೆ ಕಲಸುತ್ತಾರೆ. ದೂರ ಹೋಗುವಾಗ ಕಷ್ಟ ಕೊಡುವುದು ಸಮತೋಲ ನಿಭಾಯಿಸುವುದಲ್ಲ. ಅದು ಮೈಗೂಡಿದ ಮೇಲೆ ಮರೆತೇ ಹೋಗುತ್ತದೆ. ಕಷ್ಟ ಕೊಡುವುದು ಕುಂಡೆ. ಮರ್ಯಾದಸ್ತ ಪದ ಹುಡುಕಿದೆ, ಇದರಷ್ಟು ಸರಿಯಾದ್ದು ಸಿಗಲಿಲ್ಲ.

ಮಾಮೂಲಿ ಸೈಕಲ್ಲಿನಲ್ಲಿ ಮೈಭಾರ ಕೈ, ಕಾಲು, ಸೀಟು ಮೂರಕ್ಕೂ ಹಂಚಿಹೋಗುತ್ತದೆ. ಇಲ್ಲಿ ಬಹುಪಾಲು ಸೀಟಿಗೇ. ಜತೆಗೆ ಫ್ರೀವೀಲ್ ಇಲ್ಲ, ಚೈನೂ ಇಲ್ಲ. ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, ನೇರವಾಗಿ ಚಕ್ರದ ಅಚ್ಚಿಗೆ ಕೂತಿದೆ, ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಇಳಿಜಾರಿನಲ್ಲಿ ಎರಡು ಚಕ್ರದವರು ಕಾಲು ನಿಲ್ಲಿಸಿ ಹಾಡು ಗುನುಗುತ್ತಾ ಹೋಗುತ್ತಾರೆ, ನಮಗೆ ಇಳಿಜಾರೇ ಶಿಕ್ಷೆ. ದೂರಕ್ಕೆ ನಾವು ಬಳಸುವುದು 36 ಅಂಗುಲದ ದೊಡ್ಡ ಚಕ್ರ. ಒಂದು ಸುತ್ತಿಗೆ 2.87 ಮೀಟರ್ ಸಾಗುತ್ತದೆ. 60 ಕಿಲೋಮೀಟರಿಗೆ ಹತ್ತಿರ ಹತ್ತಿರ 21,000 ಸುತ್ತು. ಒಂದು ಸುತ್ತೂ ಪುಕ್ಕಟೆ ಇಲ್ಲ.

ಈ ಚಕ್ರದ ಮೇಲೆ ಮನುಷ್ಯರು ಎಷ್ಟು ದೂರ ಹೋಗಿದ್ದಾರೆ ಅಂತ ಕೇಳಿದರೆ ನಮ್ಮ 60 ಕಿಲೋಮೀಟರ್ ಹೇಳಲು ನಾಚಿಕೆಯಾಗುತ್ತದೆ. ಸ್ಯಾಮ್ ವೇಕ್ಲಿಂಗ್ ಎಂಬುವವರು 2007ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ 24 ಗಂಟೆಯಲ್ಲಿ 453 ಕಿಲೋಮೀಟರಿಗೂ ಹೆಚ್ಚು ಹೋದರು. ಇಂಗ್ಲೆಂಡಿನ ಸಾಮರ್‌ಸೆಟ್‌ನ ಎಡ್ ಪ್ರ್ಯಾಟ್ ಎಂಬ ಹುಡುಗ 2015ರ ಮಾರ್ಚಿನಲ್ಲಿ, ತನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ, ಮನೆ ಬಾಗಿಲಿಂದ 36 ಅಂಗುಲದ ಚಕ್ರ ಹತ್ತಿ ಹೊರಟು, ಭೂಮಿ ಸುತ್ತಿ, 2018ರ ಜುಲೈನಲ್ಲಿ ಅದೇ ಊರಿಗೆ ವಾಪಸ್ ಬಂದ. ಹಿಂದೆ ಮುಂದೆ ಗಾಡಿ ಇಲ್ಲ, ಸಾಮಾನೆಲ್ಲ ಆ ಒಂದೇ ಚಕ್ರದ ಮೇಲೆ. ಆತ ದುಡ್ಡು ಎತ್ತಿದ್ದು ಬಡ ಮಕ್ಕಳಿಗೆ ಶಾಲೆಯ ಸಾಮಾನು ತುಂಬಿದ ಚೀಲ ಕೊಡುವ ಸಂಸ್ಥೆಗೆ, 3,00,000 ಪೌಂಡಿಗೂ ಹೆಚ್ಚು. ದುಡ್ಡಿಗಿಂತ ನನಗೆ ಹಿಡಿಸಿದ್ದು ಆ ಚೀಲ. "ಶಿಕ್ಷಣಕ್ಕೆ ನೆರವು" ಅಂದರೆ ಗಾಳಿಗೆ ಹೋದ ಮಾತು. ಒಂದು ಚೀಲ ಅಂದರೆ ಕೊಡುವವರ ಕಣ್ಣಿಗೆ ಒಂದು ಚೀಲವೂ ಅದನ್ನು ಹೊತ್ತ ಒಂದು ಮಗುವೂ ಬರುತ್ತದೆ.

ನಾವು ಅದನ್ನು ನಮ್ಮ ಊರಿಗೆ ಒಗ್ಗಿಸಿಕೊಂಡೆವು. ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ, ಕೋವಿಡ್ ಬಂದ ಮೇಲೆ ನಿಂತಿತು. ಹಿಂದೆ ಕೊಟ್ಟ ಸೈಕಲ್‌ಗಳು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಗೆ ದಾಟಿ, ಈಗ ದನದ ಕೊಟ್ಟಿಗೆಯ ಗೋಡೆಗೆ ಒರಗಿವೆ. ಟ್ಯೂಬ್ ಹೋಗಿದೆ, ಬ್ರೇಕ್ ಕಟ್ಟೆ ಸವೆದಿದೆ, ಚೈನ್ ತುಕ್ಕು ಹಿಡಿದಿದೆ. ಅಂಥ ಒಂದನ್ನು ಓಡುವ ಹಾಗೆ ಮಾಡಲು ನಮಗೆ ಗೊತ್ತಿದ್ದ ಸೈಕಲ್ ಶಾಪಿನವರು ಕೇಳಿದ್ದು ಸರಾಸರಿ 600 ರೂಪಾಯಿ. ಒಂದು ಚಕ್ರದವರು ಹೋಗಿ ಎರಡು ಚಕ್ರ ಓಡಿಸುವುದು. ಹೇಳಲೂ ಚೆನ್ನಾಗಿತ್ತು.

ಸವಾರಿ ಆಷಾಢದಲ್ಲಿ ಇಟ್ಟದ್ದು ಮಾತ್ರ ದಡ್ಡತನ, ಅದು ನನ್ನದೇ. ಬೆಳಗ್ಗೆ ಐದೂವರೆಗೆ ಹೊರಟು ಕಡಕೊಳ ದಾಟಿ ನಂಜನಗೂಡು ಮುಟ್ಟುವವರೆಗೆ ಎಲ್ಲ ಸಲೀಸು. ಕಪಿಲೆಯ ಸೇತುವೆ ದಾಟಿ, ಇಡ್ಲಿ ತಿಂದು, ಬೇಗೂರಿನ ಕಡೆ ಹೊರಟ ಮೇಲೆ ಆಷಾಢದ ಗಾಳಿ ಎದ್ದಿತು. 36 ಅಂಗುಲದ ಚಕ್ರದ ಮೇಲೆ ಕೂತವರ ತಲೆ ಸುಮಾರು ಏಳಡಿ ಎತ್ತರದಲ್ಲಿರುತ್ತದೆ. ಪಕ್ಕದ ಗಾಳಿಗೆ ವಾಲಿಕೊಂಡು ಹೋಗುತ್ತಿರುವಾಗ ಕೇರಳದ ಲಾರಿಯೊಂದು ಪಕ್ಕಕ್ಕೆ ಬಂದು ಆ ಗಾಳಿಯನ್ನು ಒಂದು ಕ್ಷಣ ತಡೆಯುತ್ತದೆ. ಆತುಕೊಂಡಿದ್ದ ಗೋಡೆ ಮಾಯವಾದ ಹಾಗೆ. ಹಾಗೆ ನಾನು ಇಳಿದದ್ದು ಒಂಬತ್ತು ಸಲ.

ಒಂಬತ್ತು ಅಂತ ಖಚಿತವಾಗಿ ಗೊತ್ತಿರಲು ಕಾರಣ, ನನ್ನ ಸಹೋದ್ಯೋಗಿಯೊಬ್ಬರು ಕಿಲೋಮೀಟರಿಗಿಷ್ಟು ಅನ್ನದೆ, "ಬಿದ್ದಷ್ಟು ಸಲಕ್ಕೆ ನೂರು ನೂರು" ಅಂತ ಬರೆದುಕೊಟ್ಟಿದ್ದರು. ತಮಾಷೆಗೆ ಬರೆದದ್ದು. ಅದನ್ನು ನೋಡಿ ಇನ್ನೂ ಮೂವರು ಹಾಗೇ ಬರೆದರು. ಕೊನೆಗೆ ಲೆಕ್ಕ ಹಾಕಿದರೆ ನನ್ನ ಹಾಳೆಯಲ್ಲಿ ಹೋದ ದೂರಕ್ಕಿಂತ ಬಿದ್ದದ್ದಕ್ಕೇ ಹೆಚ್ಚು ದುಡ್ಡು! ಮೈದಾನದಲ್ಲಿ "ಬೀಳೋದು ಏನೂ ಅಲ್ಲ ಬನ್ನಿ" ಅಂತ ಕರೆದವನು, ರಸ್ತೆಯಲ್ಲಿ ಬಿದ್ದದ್ದನ್ನು ಮಾರಿಕೊಂಡು ಬಂದಿದ್ದೆ. ಯಜಮಾನರ ಪ್ರಶ್ನೆ ಚುಚ್ಚಿದ್ದು ಅವತ್ತು ರಾತ್ರಿ.

ಗುಂಡ್ಲುಪೇಟೆಯ ಹತ್ತಿರ ಇನ್ನೊಂದು ವ್ಯಾಪಾರವೂ ಆಯಿತು. ಆ ಕಾಲಕ್ಕೆ ಅಲ್ಲಿ ರಸ್ತೆ ಬದಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಫೋಟೋ ತೆಗೆಯಲು ಬರುವವರಿಂದ ರೈತರು ತಲೆಗಿಷ್ಟು ಅಂತ ಇಸಕೊಳ್ಳುತ್ತಾರೆ, ಇಸಕೊಳ್ಳಲೇಬೇಕು, ಬೆಳೆ ತುಳಿದು ಹೋಗುವವರು ಅವರೇ. ನಮ್ಮ ನಾಲ್ವರನ್ನು ಮಾತ್ರ ಒಬ್ಬ ರೈತ "ನೀವು ಬನ್ನಿ ಬನ್ನಿ, ದುಡ್ಡು ಬೇಡ" ಎಂದು ಒಳಗೆ ಬಿಟ್ಟ. ನಮ್ಮನ್ನು ನೋಡಿ ಹಿಂದಿನ ಮೂರು ಕಾರು ನಿಂತವು. ಅವರಿಂದ ಇಸಕೊಂಡ.

ಆವತ್ತಿನ ಲೆಕ್ಕ ಇದು. ಬಂದದ್ದು 24,600 ರೂಪಾಯಿ, ಅಂದರೆ 41 ಸೈಕಲ್. ವ್ಯಾನ್ ಡೀಸೆಲ್, ಬಾಳೆಹಣ್ಣು, ನೀರು, ಬ್ಯಾನರ್ ಎಂದು ನಮ್ಮ ಜೇಬಿಂದ ಹೋದದ್ದು ಏಳು ಸಾವಿರ. ಆ ಏಳು ಸಾವಿರವನ್ನೇ ನೇರವಾಗಿ ಕೊಡಬಹುದಿತ್ತಲ್ಲ ಅನ್ನುವವರಿಗೆ: ಹೌದು, ಹನ್ನೊಂದು ಸೈಕಲ್ ಆಗುತ್ತಿತ್ತು. ಬಂದದ್ದು ಖರ್ಚಿಗಿಂತ ಕಡಿಮೆಯಾಗುವ ಸವಾರಿಯನ್ನು ದಾನದ ಹೆಸರಿನಲ್ಲಿ ಮಾಡಬಾರದು. ಅದು ದಾನ ಅಲ್ಲ, ಪಿಕ್‌ನಿಕ್. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ದಾನದ ಹೆಸರಿಲ್ಲದಿದ್ದರೆ ಆ ಮೈದಾನ ನಮಗೆ ಸಿಗುತ್ತಿರಲಿಲ್ಲ. ಪತ್ರಿಕೆಯವರೂ ಫೋಟೋ ಹಾಕುತ್ತಿರಲಿಲ್ಲ. ಮಕ್ಕಳ ಸೈಕಲ್ಲಿಗೆ ನಾವು ಆದೆವು, ನಮ್ಮ ಚಕ್ರಕ್ಕೆ ಅವರೂ ಆದರು.

ಯಜಮಾನರಿಗೆ ಈಗ ಕೊಡುವ ಉತ್ತರ ಹೀಗೆ. ಚಕ್ರ ಹತ್ತುವುದು ಸುಲಭ, ಅದಕ್ಕೆ ದುಡ್ಡು ಬೇಡ, ಬಂದು ಕಟಕಟೆ ಹಿಡಿಯಿರಿ. ಹತ್ತಿದ ಮೇಲೆ ಐದು ಗಂಟೆ ಅದೇ ಕಾಲು ಅದೇ ಪೆಡಲ್ ಅಂತ ಕೂರುವುದು ಬೇಜಾರಿನ, ನೋವಿನ ಕೆಲಸ. ದುಡ್ಡು ಅದಕ್ಕೆ. ನಡೆಯುವುದು ಎಲ್ಲರಿಗೂ ಬರುತ್ತದೆ, ಆದರೂ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರಿಗೆ ದಾರಿಯುದ್ದಕ್ಕೂ ಜನ ಮಜ್ಜಿಗೆ ಕೊಡುವುದಿಲ್ಲವೇ? ನಡೆಯಲು ಬರುತ್ತದೆ ಅಂತ ಯಾರೂ ಮಜ್ಜಿಗೆ ಕೊಡುವುದಲ್ಲ.

"ಬಿದ್ದಷ್ಟಕ್ಕೆ" ಎನ್ನುವ ಸಾಲನ್ನು ಈ ವರ್ಷ ಚೀಟಿಯಿಂದ ತೆಗೆದಿದ್ದೇವೆ. ದುಡ್ಡು ಸ್ವಲ್ಪ ಕಡಿಮೆ ಬಂದೀತು. ಸವಾರಿಯನ್ನೂ ಆಷಾಢದಿಂದ ಮಾರ್ಗಶಿರಕ್ಕೆ ತಳ್ಳಿದ್ದೇವೆ. ಮತ್ತೆ, ಎರಡನೇ ಪ್ರದರ್ಶನದಲ್ಲಿ ಕಟಕಟೆ ಹಿಡಿದ ಇಪ್ಪತ್ತು ಚಿಲ್ಲರೆ ಜನರಲ್ಲಿ ಇವತ್ತಿಗೂ ಬರುತ್ತಿರುವವರು ಮೂವರು. ಅವರಲ್ಲಿ ಒಬ್ಬರು ನಮ್ಮ ಬಡಾವಣೆಯಲ್ಲೇ ಬ್ಲೌಸ್ ಹೊಲಿಯುವ ಅಕ್ಕ. ಹೊಲಿಗೆ ಮಿಷನ್ ತುಳಿದ ಕಾಲಿಗೆ ಇದೇನು ಮಹಾ ಅಂತ ಶುರು ಮಾಡಿದವರು, ಈಗ 24 ಅಂಗುಲದ ಚಕ್ರದಲ್ಲಿ ಮೈದಾನಕ್ಕೆ ಆರು ಸುತ್ತು ಹಾಕುತ್ತಾರೆ. ಈ ಸಲ ಕಡಕೊಳದವರೆಗೆ ಬರುತ್ತೇನೆ ಅಂದಿದ್ದಾರೆ. ಅವರ ಚಂದಾ ಹಾಳೆ ಆಗಲೇ ನನ್ನದಕ್ಕಿಂತ ಉದ್ದವಿದೆ, ಮೊದಲ ಹೆಸರು ಹಾರ್ಡ್‌ವೇರ್ ಅಂಗಡಿಯದು, ಐನೂರು ರೂಪಾಯಿ. ನನಗೆ ಕೊಟ್ಟದ್ದು ನೂರು.