ನೆಲಕ್ಕೆ ಹಾಸಿದ ಬೀಸುಕಲ್ಲುಗಳು

ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠಕ್ಕೆ 1327ರಲ್ಲಿ ಅಧಿಪತಿಯಾದ ವಾಲಿಂಗ್‌ಫರ್ಡಿನ ರಿಚರ್ಡ್‌ನ ಬಗ್ಗೆ ಓದುತ್ತ ನಿನ್ನೆ ರಾತ್ರಿ ಬಹಳ ಹೊತ್ತು ಎಚ್ಚರವಾಗಿಯೇ ಇದ್ದೆ. ಕಮ್ಮಾರನ ಮಗ, ಕುಷ್ಠರೋಗಿ, ಸೂರ್ಯಚಂದ್ರರ ಗತಿಯನ್ನು ತೋರಿಸುವ ಗಡಿಯಾರವನ್ನು ರೂಪಿಸಿದ ಗಣಿತಜ್ಞ. ಇಷ್ಟೆಲ್ಲ ಆಗಿದ್ದವನು ಊರಿನವರೊಡನೆ ಹಟ ಹಿಡಿದು ನಿಂತದ್ದು ಹಿಟ್ಟಿನ ವಿಷಯಕ್ಕೆ. ಎಲ್ಲರೂ ಮಠದ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕೆಂಬ ಹಕ್ಕನ್ನು ಸಾಧಿಸಿಕೊಂಡು, ಜನರ ಮನೆಗಳಲ್ಲಿದ್ದ ಬೀಸುಕಲ್ಲುಗಳನ್ನು ತರಿಸಿ, ಅವನ್ನೇ ಮಠದ ನೆಲಕ್ಕೆ ಹಾಸಿಸಿದನು. ಗೆದ್ದದ್ದು ಸಾಲದೆಂದು ದಿನವೂ ತುಳಿಯುವ ಈ ಬುದ್ಧಿ, ಅಷ್ಟು ದೊಡ್ಡ ವಿದ್ವಾಂಸನದಾದರೂ, ನನಗೆ ಸಣ್ಣತನವೆಂದೇ ತೋರಿತು. ಅವನು 1336ರಲ್ಲಿ ತೀರಿಕೊಂಡನು. 1381ರ ದಂಗೆಯಲ್ಲಿ ಮಠಕ್ಕೆ ನುಗ್ಗಿದ ಜನರು ಆ ಕಲ್ಲುಗಳನ್ನು ಕಿತ್ತು, ಒಡೆದು, ಇಗರ್ಜಿಯಲ್ಲಿ ಪ್ರಸಾದದ ರೊಟ್ಟಿಯನ್ನು ಹಂಚುವ ಹಾಗೆ ಚೂರುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡರು.